ಅರ್ಧ ಕೂದಲೆಳೆ

ಜೂನ್ 6

ಮಗಳಿಗೆ,

ಆರು ವರ್ಷದ ಮೇಲೆ ಕಾಗದ ಬಂತೆಂದು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ನನಗೆ ರಕ್ತದೊತ್ತಡ ಇದೆ, ಆದರೆ ಅದು ಕಾಗದ ಬರೆಯುವಂಥ ಸುದ್ದಿಯಲ್ಲ. ಫೋನು ಮಾಡಬಹುದಿತ್ತು. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೇ ದನಿ ಏರಿಸುತ್ತೇವೆ. ಕಾಗದವಾದರೆ ಬರೆದದ್ದನ್ನು ಇನ್ನೊಂದು ಸಲ ಓದಿ ಹೊಡೆದುಹಾಕಬಹುದು.

ವಿಷಯ ಇಷ್ಟು. ನಮ್ಮ ವರ್ಕ್‌ಶಾಪಿನ ಹಿಂದಿನ ಗೋಡೆಗೆ ಅಂಟಿಕೊಂಡಿರುವ ಪ್ರಾಥಮಿಕ ಶಾಲೆಗೆ ಹೊಸ ಹೆಡ್‌ಮೇಡಂ ಬಂದಿದ್ದಾರೆ. ಸೋಮವಾರ ಕಬ್ಬಿಣದ ಚೂರುಗಳ ಮಧ್ಯೆ ಚಪ್ಪಲಿ ಎತ್ತೆತ್ತಿ ಇಡುತ್ತ ಒಳಗೆ ಬಂದರು. ಕಬ್ಬಿಣ ಕಡೆಯುವ ಲೇತಿನ ಸದ್ದಿಗೆ ದೂರು ಕೊಡಲು ಬಂದಿದ್ದಾರೆಂದುಕೊಂಡು, ಅವರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಮೇಡಂ, ನಿಮ್ಮ ಶಾಲೆ ಕಟ್ಟೋಕೆ ಮುಂಚೆಯಿಂದ ಈ ಲೇತ್ ಇಲ್ಲಿದೆ."

ಅವರು ನಕ್ಕರು. "ದೂರು ಕೊಡೋಕೆ ಬಂದಿಲ್ಲಮ್ಮ. ಅದೇನು ಸದ್ದು ಅಂತ ಮಕ್ಕಳು ದಿನಾ ಕೇಳ್ತಾರೆ. ನನಗೂ ಗೊತ್ತಿಲ್ಲ. ತಿಳ್ಕೊಂಡು ಹೋಗೋಣ ಅಂತ ಬಂದೆ."

ಮೂರು, ನಾಲ್ಕನೇ ತರಗತಿಯ ಮಕ್ಕಳಿಗೆ ಎಂಜಿನಿಯರ್ ಎಂದರೆ ಯಾರು, ಏನು ಮಾಡುತ್ತಾರೆ ಎಂಬುದನ್ನು ಪಾಠ ಹೇಳದೆ ಕೈಯಿಂದಲೇ ಮಾಡಿಸಿ ತಿಳಿಸಬೇಕಂತೆ. ಎರಡು ವಾರಕ್ಕೊಂದು ಶನಿವಾರ, ನಮ್ಮ ಶೆಡ್ಡಿನಲ್ಲಿ, ಒಟ್ಟು ಎಂಟು ಸಲ. ಮೊದಲು ಮಕ್ಕಳಿಗೆ 'ಎಂಜಿನಿಯರ್ ಚಿತ್ರ ಬರೆಯಿರಿ' ಎಂದಿದ್ದರಂತೆ. ಇಪ್ಪತ್ತೆರಡು ಮಕ್ಕಳಲ್ಲಿ ಇಪ್ಪತ್ತೊಂದು ಮಕ್ಕಳು ಹೆಲ್ಮೆಟ್ ಹಾಕಿದ ಮೀಸೆಯ ಗಂಡಸನ್ನು ಬರೆದಿದ್ದಾರೆ. ಒಂದು ಹುಡುಗಿ ಮಾತ್ರ ಹೆಲ್ಮೆಟ್ ಬರೆದು, ಅಂಗಿ ಬರೆದು, ಬೂಟಿನ ದಾರವನ್ನೂ ಬರೆದು ಮುಖದ ಜಾಗ ಖಾಲಿ ಬಿಟ್ಟಿದ್ದಾಳೆ. ಯಾಕೆಂದರೆ, "ನಾನು ನೋಡಿಲ್ವಲ್ಲ ಮಿಸ್, ನೋಡದೆ ಹೇಗೆ ಬರೀಲಿ?" ಅಂದಳಂತೆ. ಹಾಜರಿ ಕೂಗಿದರೂ ಯಾಕೆ ಎಂದು ಕೇಳುವ ಹುಡುಗಿ. ಶಾಲೆಯಲ್ಲಿ ಎಲ್ಲರೂ ಅವಳನ್ನು ಯಾಕಮ್ಮ ಎನ್ನುತ್ತಾರೆ.

"ಇವರಿಗೆ ಒಬ್ಬ ನಿಜವಾದ ಎಂಜಿನಿಯರ್‌ನ ತೋರಿಸಬೇಕಮ್ಮ" ಎಂದರು ಮೇಡಂ. ನನ್ನ ಬಾಯಿಂದ ಬಂದುಬಿಟ್ಟಿತು: "ನನ್ನ ಮಗಳೇ ಎಂಜಿನಿಯರ್. ದೊಡ್ಡ ದೊಡ್ಡ ಸೇತುವೆಗಳ ಕೆಳಗೆ ಇಳಿದು ಬಿರುಕು ಹುಡುಕ್ತಾಳೆ. ಕೊನೇ ಶನಿವಾರ ಬರ್ತಾಳೆ."

ಅವರು ಅಲ್ಲೇ ಪುಸ್ತಕ ತೆಗೆದು ಬರೆದುಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡದ್ದು ನೀನು ನೋಡಿಲ್ಲ, ಇನ್ನು ಮುಂದೆಯೂ ನೋಡುವುದಿಲ್ಲ.

ಸೆಪ್ಟೆಂಬರ್ 26, ಶನಿವಾರ. ಬರಬೇಕು. ಇದು ಕೇಳುತ್ತಿರುವುದಲ್ಲ, ಹೇಳುತ್ತಿರುವುದು. ಕೆಂಪು ಗೆರೆಯ ಆ ಪಿನ್ನಿನ ವಿಷಯ ನಾನು ಎತ್ತುವುದಿಲ್ಲ. ನೀನೂ ಎತ್ತಬೇಡ.

ಇಂತಿ,
ನಿನ್ನ ತಾಯಿ


ಜೂನ್ 21

ಮಗಳಿಗೆ,

ನಿನ್ನ ಉತ್ತರ ಬಂದಿಲ್ಲ. ಅಂಚೆಯವನನ್ನು ಎರಡು ಸಲ ಕೇಳಿದೆ. ಮೂರನೇ ಸಲ ಅವನೇ ದೂರದಿಂದ ಕೈ ಆಡಿಸಿಬಿಟ್ಟ.

ನಿನ್ನೆ ಮೊದಲ ಶನಿವಾರ. ಒಂದು ಹಾಳೆ ಕಾಗದ, ಚೂರು ಗೋಂದು. ಅಷ್ಟರಲ್ಲೇ ಎರಡು ಟೂಲ್ ಪೆಟ್ಟಿಗೆಗಳ ನಡುವೆ ಸೇತುವೆ ಕಟ್ಟಬೇಕು. ಅದರ ಮೇಲೆ ನಮ್ಮ ಹಳೇ ಮೇಸ್ತ್ರಿ ಒಂದೊಂದಾಗಿ ನಟ್ಟು ಇಡುತ್ತಾ ಹೋಗುವುದು. ಇಪ್ಪತ್ತು ನಟ್ಟು ಹೊತ್ತರೆ ಪಾಸು ಎಂದು ನಾನು ಮೊದಲೇ ಹೇಳಿದ್ದೆ. ಮಕ್ಕಳ ಗಲಾಟೆಗೆ ನಮ್ಮ ಲೇತೇ ನಾಚಿಕೊಳ್ಳಬೇಕು. ಒಬ್ಬ ಗೋಂದನ್ನು ಕಾಗದಕ್ಕಿಂತ ಹೆಚ್ಚಾಗಿ ತನ್ನ ತಲೆಗೆ ಹಚ್ಚಿಕೊಂಡಿದ್ದ. ಇಬ್ಬರು ನಟ್ಟನ್ನು ಉಂಗುರ ಮಾಡಿಕೊಂಡು, ಬೆರಳಿಂದ ತೆಗೆಯಲಾಗದೆ ಅತ್ತರು. ಮೇಸ್ತ್ರಿ ಎಣ್ಣೆ ಬಿಟ್ಟು ಬಿಡಿಸಿದ.

ಹೆಚ್ಚಿನವು ಐದಾರು ನಟ್ಟಿಗೇ ಕುಸಿದವು. ನಾನು ಕೆಂಪು ಬಣ್ಣದ ಡಬ್ಬಿ, ಕುಂಚ ತಂದೆ. ನಿನಗೆ ಗೊತ್ತಲ್ಲ, ಕೆಟ್ಟ ಮಾಲು ಒಳ್ಳೇ ಮಾಲಿನ ಜೊತೆ ಸೇರಬಾರದು, ಅದಕ್ಕೆ ಗೆರೆ. ಇಪ್ಪತ್ತೆರಡು ವರ್ಷದಿಂದ ಈ ಕೈಗೆ ಅದೇ ಅಭ್ಯಾಸ. ಒಂದೊಂದು ಸೇತುವೆಗೂ ಒಂದೊಂದು ಗೆರೆ ಎಳೆಯುತ್ತಾ ಹೋದೆ.

ಯಾಕಮ್ಮ ಕಾಗದವನ್ನು ಬೀಸಣಿಗೆಯ ಹಾಗೆ ಮಡಿಕೆ ಮಡಿಕೆಯಾಗಿ ಮಡಚಿದ್ದಳು. ಹತ್ತೊಂಬತ್ತು ನಟ್ಟು ಹೊತ್ತು ಇಪ್ಪತ್ತನೆಯದಕ್ಕೆ ಕುಸಿಯಿತು. ನಾನು ಕುಂಚ ಎತ್ತಿದಾಗ ಸೇತುವೆಯ ಮೇಲೆ ಅಂಗೈ ಅಡ್ಡ ಇಟ್ಟಳು.

"ಯಾಕೆ?"

"ಇಪ್ಪತ್ತು ಅಂದಿದ್ದೆ. ಇಪ್ಪತ್ತನೇದಕ್ಕೆ ಕುಸೀತಲ್ಲ."

"ಹಾಗಾದ್ರೆ ಹತ್ತೊಂಬತ್ತು ಹೊತ್ತಿದ್ದನ್ನ ಎಲ್ಲಿ ಬರೀತೀರ?"

ಅದನ್ನು ಬರೆಯುವ ಜಾಗ ನಮ್ಮಲ್ಲಿ ಇಲ್ಲ. ಅವಳ ಕೈ ಸರಿಸಿ ಗೆರೆ ಹಾಕಿದೆ. ಅವಳು ಅಳಲಿಲ್ಲ. ಹಸಿ ಬಣ್ಣದ ಸೇತುವೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು, ಚಪ್ಪಲಿಯನ್ನೂ ಮರೆತು ಹೊರಟುಹೋದಳು.

ಆಮೇಲೆ ಮೇಸ್ತ್ರಿ ನೆಲ ಗುಡಿಸುತ್ತಾ, "ಅಮ್ಮಾವ್ರೇ, ಮಕ್ಕಳು ಗಿರಾಕಿಗೆ ಕಳಿಸೋ ಮಾಲಲ್ಲ" ಎಂದ. ನಿನ್ನ ಕೆಲಸ ನೋಡು ಎಂದೆ. ಅವನು ಅದನ್ನೇ ನೋಡುತ್ತಿದ್ದ.

ಆ ಚಪ್ಪಲಿ ಇನ್ನೂ ಬಾಗಿಲ ಬಳಿಯೇ ಇದೆ. ಹೋಗುತ್ತಾ ಬರುತ್ತಾ ಕಾಲಿಗೆ ತಗಲುತ್ತದೆ. ಎತ್ತಿಡಲು ಯಾರಿಗೂ ಹೇಳಿಲ್ಲ. ಇದನ್ನೆಲ್ಲ ನಿನಗೆ ಯಾಕೆ ಬರೆಯುತ್ತಿದ್ದೇನೋ.

ಇಂತಿ,
ನಿನ್ನ ತಾಯಿ


ಜುಲೈ 12

ಮಗಳಿಗೆ,

ನಿನ್ನ ಕಾರ್ಡು ಬಂತು. "ರಜೆ ಸಿಗುವುದಿಲ್ಲ. ಕೆಂಪು ಬಣ್ಣ ಇನ್ನೂ ಅದೇ ಡಬ್ಬಿಯಲ್ಲಿದೆಯಾ?" ಆರು ವರ್ಷಕ್ಕೆ ಎರಡು ಸಾಲು. ಇರಲಿ, ಅಕ್ಷರ ಮಾತ್ರ ಚೆನ್ನಾಗಿದೆ.

ಹೌದು, ಅದೇ ಡಬ್ಬಿ. ಒಣಗಿದಾಗ ತಿನ್ನರ್ ಹಾಕಿ ಕಲಸುತ್ತೇನೆ.

ಪಿನ್ನಿನ ವಿಷಯ ಎತ್ತಬೇಡ ಎಂದಿದ್ದೆ. ನೀನು ಎತ್ತಿದ್ದೀಯ, ಈಗ ನಾನೂ ಹೇಳುತ್ತೇನೆ. ನೀನು ಓದು ಮುಗಿಸಿ ಬಂದು, "ಇನ್ಮೇಲೆ ವರ್ಕ್‌ಶಾಪ್ ನಾನು ನೋಡ್ಕೊಳ್ತೀನಮ್ಮ" ಎಂದೆ. ನಾನು ಎಲ್ಲರಿಗೂ ಕೊಡುವ ಪರೀಕ್ಷೆಯನ್ನೇ ನಿನಗೂ ಕೊಟ್ಟೆ: ಬೆರಳು ದಪ್ಪದ ಒಂದು ಪಿನ್ನು, ಅಳತೆಗೆ ಸರಿಯಾಗಿ. ನೀನು ಕಡೆದು ತಂದೆ. ನಾನು ನಿಮ್ಮಪ್ಪನ ಮೈಕ್ರೋಮೀಟರಿನಲ್ಲಿ ಅಳೆದೆ. ಅರ್ಧ ಕೂದಲೆಳೆಯಷ್ಟು ದಪ್ಪ ಬಂತು. ಇನ್ನಷ್ಟು ಕಡೆ ಎಂದೆ. "ಇದು ಸರಿಯಾಗಿದೆ. ಇನ್ನು ಕಡೆದ್ರೆ ಸಡಿಲ ಆಗುತ್ತೆ" ಎಂದು ನೀನು ಹಟ ಹಿಡಿದೆ. ಕೆಲಸದವರೆಲ್ಲ ಲೇತು ನಿಲ್ಲಿಸಿ ನೋಡುತ್ತಿದ್ದರು. "ಹಾಗಾದ್ರೆ ನಿಮ್ಮಪ್ಪನ ಅಳತೆ ಸುಳ್ಳು ಹೇಳುತ್ತಾ?" ಎಂದೆ ನಾನು. ನೀನು ಪಿನ್ನನ್ನು ಬೆಂಚಿನ ಮೇಲಿಟ್ಟೆ. ನಾನು ಗೆರೆ ಹಾಕಿದೆ. ನೀನು ಪಿನ್ನು ತೆಗೆದುಕೊಂಡು ಹೋದವಳು ಹೋದೆ.

ನಿಮ್ಮಪ್ಪ ತೀರಿಹೋದಾಗ ನಿನಗೆ ಆರು ವರ್ಷ, ನನಗೆ ಹತ್ತನೇ ತರಗತಿಯ ಓದು. ಹೆಂಗಸು ಲೇತ್ ನಡೆಸುತ್ತಾಳೆ ಎಂದು ಬಂದ ಪ್ರತಿಯೊಬ್ಬ ಗಿರಾಕಿಯೂ ನಾನು ಮಾಡಿದ್ದನ್ನು ಎರಡೆರಡು ಸಲ ಅಳೆದು ಒಯ್ಯುತ್ತಿದ್ದ. ಅಂಥ ಕಡೆ ಸ್ವಂತ ಮಗಳೆಂದು ಅರ್ಧ ಕೂದಲು ಬಿಟ್ಟುಕೊಡಲು ನನ್ನಿಂದ ಆಗುತ್ತಿರಲಿಲ್ಲ. ಅಷ್ಟೇ.

ಯಾಕಮ್ಮ ಎರಡನೇ ಶನಿವಾರ ಬರಲಿಲ್ಲ. ಅವತ್ತು ಮಕ್ಕಳು ಗಾಳಿಗೆ ತಿರುಗುವ ರೆಕ್ಕೆ ಮಾಡಿದರು. ಎಷ್ಟು ಮಾಡಿದರೆಂದು ಕೇಳಬೇಡ, ನನ್ನ ಗಮನ ಬಾಗಿಲಲ್ಲೇ ಇತ್ತು. ಸೋಮವಾರ ಕೂತಲ್ಲಿ ಕೂರಲಾಗಲಿಲ್ಲ. ಬೆಲ್ಟಿಗೆ ಬೈದೆ, ಮೋಟರಿಗೆ ಬೈದೆ, ಆಮೇಲೆ ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡು ಅವಳ ಮನೆಗೇ ಹೋದೆ.

ದರ್ಜಿ ಅಂಗಡಿಯ ಮೇಲೆ ಒಂದೇ ಕೋಣೆ. ತಾಯಿ ಬಸ್ ಕಂಡಕ್ಟರ್. ಆಗತಾನೆ ಡ್ಯೂಟಿ ಮುಗಿಸಿ, ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟು ಕೂತಿದ್ದಳು. ಎದ್ದೇಳಲು ಹೋದಳು, ನಾನು ಬಿಡಲಿಲ್ಲ.

"ಮಗಳೇ, ನೋಡು, ಅಜ್ಜಿ ಬಂದಿದ್ದಾರೆ."

"ಯಾಕೆ?" ಎಂದಿತು ಮಂಚದ ಕೆಳಗಿನಿಂದ ಒಂದು ದನಿ.

ಅಲ್ಲಿ ಅವಳು ಹಳೇ ಟಿಕೆಟ್ ಚೀಟಿಗಳನ್ನು ಮಡಚಿ ಮಡಚಿ ಮೊಣಕೈ ಉದ್ದದ ಸೇತುವೆ ಕಟ್ಟಿದ್ದಳು. ಅದರ ಮೇಲೆ ತಾಯಿಯ ಬೂಟು ನಿಂತಿತ್ತು. ನಾನು ಮೊಣಕಾಲೂರಿ ಬಗ್ಗಿದೆ. ಈ ಮೊಣಕಾಲು ಯಾರ ಮುಂದೆ ಹೀಗೆ ಮಡಚಿತ್ತೋ ನೆನಪಿಲ್ಲ.

"ಶನಿವಾರ ಬಾ," ಎಂದೆ.

"ಆ ಕುಂಚ ನನ್ನ ಹತ್ರ ಇರಬೇಕು. ಯಾರು ಎಷ್ಟು ಹೊತ್ತರು ಅಂತ ಬರೆಯೋಕೆ ಒಂದು ಪುಸ್ತಕ ಬೇಕು."

ತಾಯಿ, "ಏ, ದೊಡ್ಡೋರ ಹತ್ರ ಹೀಗಾ ಮಾತಾಡೋದು!" ಎಂದು ಗದರಿದಳು. ನಾನು ಆಗಲಿ ಎಂದು ತಲೆ ಆಡಿಸಿದೆ. ಈಗ ನನ್ನ ಕುಂಚ ಮೂರನೇ ತರಗತಿಯ ಒಂದು ಪೆನ್ಸಿಲ್ ಡಬ್ಬಿಯಲ್ಲಿದೆ. ಪುಸ್ತಕದ ಮೊದಲ ಸಾಲಿನಲ್ಲಿ ಅವಳೇ ಬರೆದಿದ್ದಾಳೆ: ಹತ್ತೊಂಬತ್ತು.

ನಗಬೇಡ. ರಜೆಗೆ ಇನ್ನೊಂದು ಸಲ ಕೇಳಿನೋಡು.

ನಿನ್ನ ತಾಯಿ


ಆಗಸ್ಟ್ 2

ಮಗಳಿಗೆ,

ನಿನ್ನೆ ನಾಲ್ಕನೆಯದು, ರಾಟೆ. ದಾರದ ರೀಲು, ಗುಂಡಿ, ಬೆಂಕಿಪೊಟ್ಟಣ ಸೇರಿಸಿ ಮಕ್ಕಳು ಕ್ರೇನು ಮಾಡಿದರು. ಯಾಕಮ್ಮನ ಕ್ರೇನು ಮೇಸ್ತ್ರಿಯ ಚಹಾ ಲೋಟ ಎತ್ತಿತು, ಮಧ್ಯದಲ್ಲಿ ದಾರ ಜಾರಿ ಚಹಾ ಅವನ ಮಡಿಲಿಗೆ ಬಂತು. "ಕುಡಿಸ್ತೀನಿ ಅಂದೋಳು ಸ್ನಾನ ಮಾಡಿಸ್ದೆಯಲ್ಲೇ!" ಎಂದ. ಮಕ್ಕಳು ನೆಲಕ್ಕೆ ಬಿದ್ದು ನಕ್ಕರು.

ಮುಂದಿನ ಸಲದಿಂದ ಅಳತೆಯ ಉಪಕರಣ ಮುಟ್ಟುತ್ತಾರೆ. ಅದಕ್ಕೆ ನಮ್ಮ ನಿಯಮವನ್ನು ಈಗಲೇ ಕಲಿಸಿದೆ. ಅಳತೆಯ ಸಾಮಾನು ಯಾರ ಕೈಯಿಂದ ಜಾರಿದರೂ ಅವರು ಅಲ್ಲೇ ನಿಂತು ಎಲ್ಲರಿಗೂ ಕೇಳುವ ಹಾಗೆ "ಬಿತ್ತು" ಎಂದು ಕೂಗಬೇಕು. ಅದರಿಂದ ಯಾರ ಕೆಲಸ ಕೆಡಬಹುದೋ ಅವರು "ಕೇಳಿತು" ಎನ್ನಬೇಕು. ಆಮೇಲೆ ಅದನ್ನು ಪರೀಕ್ಷೆ ಮಾಡುವ ತನಕ ಯಾರೂ ಬಳಸಬಾರದು. ಬೀಳಿಸಿದ್ದಕ್ಕೆ ಬೈಗುಳ ಇಲ್ಲ. ಮುಚ್ಚಿಟ್ಟರೆ ಕೆಲಸ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮುಚ್ಚಿಟ್ಟ ಇಬ್ಬರನ್ನು ಮನೆಗೆ ಕಳಿಸಿದ್ದೇನೆ, ಅದರಲ್ಲಿ ಒಬ್ಬ ನಿನ್ನ ಸೋದರಮಾವ.

"ಬಿದ್ದು ಮುರಿದ್ರೆ ಕಣ್ಣಿಗೆ ಕಾಣುತ್ತೆ, ಅದಕ್ಕೆ ಹೆದರಬೇಡಿ. ಬಿದ್ದೂ ಮುರೀದೆ ಇರುತ್ತಲ್ಲ, ಅದಕ್ಕೆ ಹೆದರಿ. ಅದು ಮೊದಲಿನ ಹಾಗೇ ಕಾಣುತ್ತೆ, ಆದ್ರೆ ಸುಳ್ಳು ಹೇಳುತ್ತೆ," ಎಂದೆ ನಾನು.

ಮಕ್ಕಳಿಗೆ ಇದು ಆಟವಾಗಿಬಿಟ್ಟಿತು. ಪೆನ್ಸಿಲ್ ಬೀಳಿಸಿ "ಬಿತ್ತು!", ಇಪ್ಪತ್ತು ಬಾಯಿಂದ "ಕೇಳಿತು!" ಬಾಗಿಲಲ್ಲಿ ನಿಂತಿದ್ದ ಮೇಡಂ ಕೂಡ ಬೇಕೆಂದೇ ಪೆನ್ನು ಬೀಳಿಸಿದರು.

ಯಾಕಮ್ಮ ನನ್ನ ಸೆರಗು ಎಳೆದಳು. "ಅಜ್ಜಿ, ನೀವು ಯಾವತ್ತಾದ್ರೂ ಬೀಳಿಸಿದ್ದೀರಾ?"

"ಅಜ್ಜಿ ಬೀಳಿಸಲ್ಲ," ಎಂದೆ.

ಮೇಸ್ತ್ರಿ ತಲೆ ಎತ್ತಿ ನೋಡಿದ. ಅವನನ್ನು ಕಂಪ್ರೆಸರಿಗೆ ಎಣ್ಣೆ ಹಾಕಲು ಕಳಿಸಿದೆ.

ಇವತ್ತು ಭಾನುವಾರ. ಬೆಳಗಿನಿಂದ ಡ್ರಿಲ್ ಬಿಟ್ಟುಗಳ ಡ್ರಾಯರನ್ನು ಎರಡು ಸಲ ಜೋಡಿಸಿದೆ. ಮೂರನೇ ಸಲ ಎಲ್ಲವನ್ನೂ ಟೇಬಲ್ಲಿನ ಮೇಲೆ ಸುರಿದು ಹಾಗೇ ಬಿಟ್ಟು ಬಂದು ಈ ಕಾಗದ ಬರೆಯುತ್ತಿದ್ದೇನೆ. ಕೈಗೆ ಕೆಲಸ ಬೇಕು, ಕೆಲಸಕ್ಕೆ ಕೈ ಹೋಗುತ್ತಿಲ್ಲ.

ಸೇತುವೆಯ ಕೆಳಗೆ ಇಳಿಯುವಾಗ ಸೊಂಟಕ್ಕೆ ಕಟ್ಟುವ ಹಗ್ಗವನ್ನು ನೀನೇ ಎಳೆದು ನೋಡಿಕೊಳ್ಳುತ್ತೀಯ ತಾನೆ? ಬೇರೆಯವರ ಮಾತು ನಂಬಬೇಡ.

ನಿನ್ನ ತಾಯಿ


ಆಗಸ್ಟ್ 30

ಮಗಳಿಗೆ,

ನಿನ್ನೆ ಕೂದಲು ಅಳೆದೆವು. ಎಲ್ಲರೂ ತಲೆಯಿಂದ ಒಂದೊಂದು ಎಳೆ ಕಿತ್ತು, ದಿನಬಳಕೆಯ ಮೈಕ್ರೋಮೀಟರಿನಲ್ಲಿ ಹಿಡಿದು ದಪ್ಪ ಎಷ್ಟೆಂದು ಬರೆದುಕೊಂಡರು. ಮೇಸ್ತ್ರಿಗೆ ಕೊಡಲು ತಲೆಯಲ್ಲಿ ಏನೂ ಉಳಿದಿಲ್ಲ, ಮೀಸೆಯದೊಂದು ಕಿತ್ತುಕೊಟ್ಟ. ಅದೇ ಎಲ್ಲರದಕ್ಕಿಂತ ದಪ್ಪ ಬಂತು. ಅವನಿಗೆ ಬಹುಮಾನ ಗೆದ್ದಷ್ಟು ಹೆಮ್ಮೆ.

ಕೊನೆಗೆ ನಾನೇ ಹೇಳಿದೆ, "ನಿಜವಾದ ಅಳತೆ ತೋರಿಸ್ತೀನಿ, ಇರಿ" ಎಂದು. ಯಾರೂ ಕೇಳಿರಲಿಲ್ಲ. ನಿಮ್ಮಪ್ಪನ ಪೆಟ್ಟಿಗೆ ತಂದೆ. ನೀನು ಹೋದ ದಿನ ಮುಚ್ಚಿಟ್ಟದ್ದು, ಮತ್ತೆ ತೆರೆದಿರಲಿಲ್ಲ.

ಯಾಕಮ್ಮ ಲಂಗಕ್ಕೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಅಳೆಯುವ ಮೊದಲು ಅದರ ಬಾಯಿ ಮುಚ್ಚಿ ಸೊನ್ನೆಗೆ ಸೊನ್ನೆ ಸೇರುತ್ತದೆಯೇ ನೋಡಬೇಕೆಂದು ಮೇಸ್ತ್ರಿ ಕಲಿಸಿದ್ದ. ಹಾಗೇ ಮಾಡಿದಳು. ತುಂಬ ಹೊತ್ತು ನೋಡಿದಳು.

"ಅಜ್ಜೀ, ಒಳಗೆ ಏನೂ ಇಲ್ಲ. ಆದ್ರೂ ಇದು ಅರ್ಧ ಕೂದಲು ಇದೆ ಅಂತಿದೆ."

ಮೇಸ್ತ್ರಿ ತೆಗೆದುಕೊಂಡ. ಬಾಯಿಯನ್ನು ಕಾಗದದಿಂದ ಒರೆಸಿ ಮುಚ್ಚಿದ. ಇನ್ನೊಂದು ಸಲ ಮುಚ್ಚಿದ. ಮೂರನೇ ಸಲ ನನ್ನ ಕಡೆ ನೋಡಿದ. ಆ ದಿನ ಲೇತು ನಿಲ್ಲಿಸಿ ನೋಡಿದವರಲ್ಲಿ ಅವನೂ ಒಬ್ಬ.

ನಾನು ಅದನ್ನು ಪೆಟ್ಟಿಗೆಗೆ ಹಾಕಿ, ಮಕ್ಕಳನ್ನು ಬೇಗ ಕಳಿಸಿಬಿಟ್ಟೆ.

ಆರು ವರ್ಷ ಪೆಟ್ಟಿಗೆಯಲ್ಲೇ ಇತ್ತು. ಶೀತಕ್ಕೆ ಹಾಗಾಗಿರಬಹುದು.

ತಾಯಿ


ಸೆಪ್ಟೆಂಬರ್ 6

ಮಗಳೇ,

ಶೀತ ಅಲ್ಲ.

ಹಿಂದಿನ ಕಾಗದ ಅಂಚೆಗೆ ಹಾಕಿದ ಗಳಿಗೆಯಿಂದ ಒಂದು ಕಡೆ ನಿಂತಿಲ್ಲ. ಮನೆಯಿಂದ ಶೆಡ್ಡಿಗೆ, ಶೆಡ್ಡಿನಿಂದ ಮನೆಗೆ. ನಿನ್ನೆ ಉಪ್ಪಿನ ಡಬ್ಬಿಯನ್ನು ಟೂಲ್ ಬೀರುವಿನಲ್ಲಿಟ್ಟು, ಅಡುಗೆಮನೆಯಲ್ಲಿ ಒಂದು ಗಂಟೆ ಹುಡುಕಿದ್ದೇನೆ. ಬರೆದು ಮುಗಿಸಿಬಿಡುತ್ತೇನೆ, ನೀನು ನಿಂತು ಓದು.

ನಿನ್ನ ಪರೀಕ್ಷೆಯ ದಿನ ಬೆಳಗ್ಗೆ, ಯಾರೂ ಬರುವ ಮೊದಲೇ ನಾನು ಶೆಡ್ಡಿನ ಬಾಗಿಲು ತೆಗೆದೆ. ನಿಮ್ಮಪ್ಪನ ಮೈಕ್ರೋಮೀಟರ್ ಹೊರಗೆ ತೆಗೆದು ಹೊಳಪು ಬರುವ ಹಾಗೆ ಒರೆಸುತ್ತಿದ್ದೆ. ಪೆಟ್ಟಿಗೆಗೆ ಹೊಸ ಬಟ್ಟೆ ಹೊಲಿದಿದ್ದೆ. ಪಿನ್ನು ಪಾಸಾದ ಕೂಡಲೇ ಎಲ್ಲರ ಎದುರು ಅದನ್ನು ನಿನ್ನ ಕೈಗೆ ಕೊಡಬೇಕು, ಕೊಟ್ಟು ಏನು ಹೇಳಬೇಕು ಎಂದು ಬಾಯಲ್ಲೇ ಹೇಳಿಕೊಳ್ಳುತ್ತಿದ್ದೆ. ಆ ಸಂಭ್ರಮದಲ್ಲಿ ಕೈ ಜಾರಿತು. ಸಿಮೆಂಟಿನ ನೆಲ.

ಎತ್ತಿ ನೋಡಿದೆ. ಗೀರು ಕೂಡ ಇರಲಿಲ್ಲ. ಯಾರೂ ನೋಡಿರಲಿಲ್ಲ. ಇವತ್ತೊಂದು ದಿನ ಬಿಡು ಎಂದುಕೊಂಡೆ. ಬೇರೆಯದರಲ್ಲಿ ಅಳೆದರೆ ಎಲ್ಲರೂ ಯಾಕೆ ಎನ್ನುತ್ತಾರೆ. ನಿಮ್ಮಪ್ಪನ ವಸ್ತುವನ್ನು ನಾನೇ ಬೀಳಿಸಿದೆ ಎಂದು ಹೇಳಬೇಕಾಗುತ್ತದೆ. ಅಳೆಯುವ ಮೊದಲು ಸೊನ್ನೆ ನೋಡು ಎಂದು ಊರಿಗೆಲ್ಲ ಹೇಳುವವಳು, ಅವತ್ತು ನಾನು ಸೊನ್ನೆ ನೋಡಲಿಲ್ಲ. ಮರೆತು ಅಲ್ಲ. ನೋಡಿದರೆ ಗೊತ್ತಾಗಿಬಿಡುತ್ತದಲ್ಲ, ಅದಕ್ಕೆ.

ನಿನ್ನ ಪಿನ್ನು ಅರ್ಧ ಕೂದಲೆಳೆ ದಪ್ಪ ಎಂದು ಬಂದಾಗ ಒಂದು ಕ್ಷಣ ಮನಸ್ಸಿಗೆ ಹೊಳೆಯಿತು. ಹೊಳೆದದ್ದನ್ನು ಅಲ್ಲೇ ಒತ್ತಿದೆ. ನೀನು ಹಟ ಹಿಡಿದದ್ದೇ ನನಗೆ ನೆಪವಾಯಿತು. ಒಬ್ಬಳು ಹೊಸಬಳು ಎಲ್ಲರ ಎದುರು ನನ್ನ ಅಳತೆ ತಪ್ಪು ಎನ್ನುತ್ತಿದ್ದಾಳೆ, ಅವಳು ನನ್ನ ಮಗಳೇ, ಅವಳು ಹೇಳುವುದೇ ಸರಿಯಿರಬಹುದು. ಇಷ್ಟೂ ಗೊತ್ತಿದ್ದೇ ಕುಂಚ ಎತ್ತಿದೆ.

ನಿನ್ನ ಸೋದರಮಾವನನ್ನು ಇದಕ್ಕಿಂತ ಸಣ್ಣ ತಪ್ಪಿಗೆ ಮನೆಗೆ ಕಳಿಸಿದ್ದೆ.

ನಿನ್ನೆ ಮಧ್ಯಾಹ್ನ ಊಟದ ಬಿಡುವಿಗೆ ಮುಂಚೆ ಮೋಟರುಗಳನ್ನೆಲ್ಲ ನಿಲ್ಲಿಸಿದೆ. ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು, ಕೆಲಸದವರೆಲ್ಲರ ಮುಂದೆ ನಿಂತು "ಬಿತ್ತು" ಎಂದು ಕೂಗಿದೆ. ಯಾವಾಗ, ಹೇಗೆ ಎಂಬುದನ್ನೂ ಹೇಳಿದೆ. ನಾನು ಮೇಸ್ತ್ರಿಯ ಮುಖ ನೋಡಿದೆ. ಅವನು ಎಣ್ಣೆ ಕೈಯನ್ನು ಒರೆಸುತ್ತಲೇ ಇದ್ದ.

"ಕೇಳಿತು ಅನ್ನೋಕೆ ನಾನ್ಯಾರು ಅಮ್ಮಾವ್ರೇ? ಕೆಲಸ ಕೆಟ್ಟಿದ್ದು ನನ್ನದಲ್ಲ. ಅನ್ನಬೇಕಾದೋಳು ಇಲ್ಲಿಲ್ಲ."

ಸರಿಯಾಗಿಯೇ ಹೇಳಿದ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ, ನಿನಗೆ ಕೇಳುವಷ್ಟು ಗಟ್ಟಿಯಾಗಿ.

ಬಿತ್ತು. ನನ್ನ ಕೈಯಿಂದ ಬಿತ್ತು. ಮುಚ್ಚಿಟ್ಟವಳೂ ನಾನೇ.

ಕೊನೇ ಶನಿವಾರದ ಮಾತನ್ನು ನಾನು ಮೇಡಂಗೆ ನಿನ್ನನ್ನು ಕೇಳದೆ ಕೊಟ್ಟಿದ್ದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಾಳೆ ಶಾಲೆಗೆ ಹೋಗಿ ಹೇಳುತ್ತೇನೆ. ಯಾಕಮ್ಮನ ಚಿತ್ರ ಮುಖವಿಲ್ಲದೆ ಉಳಿದರೆ ಅದು ನನ್ನಿಂದ, ನಿನ್ನಿಂದ ಅಲ್ಲ.

ಅಮ್ಮ


ಸೆಪ್ಟೆಂಬರ್ 14

ಅಮ್ಮಾ,

ಕೇಳಿತು.

ಈ ಒಂದು ಮಾತು ಬರೆದು ನಾಲ್ಕು ದಿನ ಸುಮ್ಮನೆ ಕೂತೆ. ಇದನ್ನಷ್ಟೇ ಕಳಿಸೋಣ ಎಂದುಕೊಂಡಿದ್ದೆ. ಆದರೆ ನಾನೂ ಅದೇ ವರ್ಕ್‌ಶಾಪಿನಲ್ಲಿ ಬೆಳೆದವಳು.

ಆ ಪಿನ್ನನ್ನು ನಾನು ಅದೇ ವಾರ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಅಳೆಸಿದೆ. ಬೇರೆ ಬೇರೆ ಉಪಕರಣದಲ್ಲಿ ಮೂರು ಸಲ. ಸರಿಯಾಗಿತ್ತು. ಅಳತೆಯ ಚೀಟಿಗೆ ಸಹಿ ಹಾಕಿಸಿ, ಲಕೋಟೆಗೆ ಹಾಕಿ, ನಿನ್ನ ವಿಳಾಸ ಬರೆದೆ. ಇನ್ನೂ ನನ್ನ ಹತ್ತಿರವೇ ಇದೆ. ಮೂರು ಊರು ಬದಲಾಯಿಸಿದೆ, ಪ್ರತಿ ಸಲವೂ ಅದನ್ನೇ ಮೊದಲು ಪೆಟ್ಟಿಗೆಗೆ ಹಾಕಿದ್ದು. ಅಪ್ಪನ ಮೈಕ್ರೋಮೀಟರ್ ಕೆಟ್ಟಿದೆ ಎಂದು ನಿನಗೆ ತಿಳಿಸಬಹುದಿತ್ತು. ನೀನಾಗಿಯೇ ಕಂಡುಕೊಳ್ಳಲಿ, ಕಂಡುಕೊಂಡು ಒದ್ದಾಡಲಿ ಎಂದು ಕಾದೆ. ಸೇತುವೆಯಲ್ಲಿ ಉಗುರಿನಷ್ಟು ಬಿರುಕು ಕಂಡರೂ ಅರ್ಧ ಗಂಟೆಯೊಳಗೆ ವರದಿ ಕಳಿಸಬೇಕು, ಅದೇ ನನ್ನ ಕೆಲಸ. ಇದನ್ನು ಮಾತ್ರ ಆರು ವರ್ಷ ಕಳಿಸಲಿಲ್ಲ. ಬೀಳಿಸಿದವರು ಕೂಗಬೇಕು ಎಂದು ನಿಯಮ ಮಾಡಿದ್ದೀಯ. ಗೊತ್ತಿದ್ದವರು ಏನು ಮಾಡಬೇಕೆಂದು ಅದರಲ್ಲಿ ಇಲ್ಲ.

ಒದ್ದಾಡಿದ್ದು ನಾನೂ ಹೌದು.

ಮುಂಚೆ ರಜೆ ಸಿಗುವುದಿಲ್ಲ ಎಂದು ಬರೆದಿದ್ದು ಸುಳ್ಳು. ನಾನು ಕೇಳಿರಲೇ ಇಲ್ಲ. ಇವತ್ತು ಕೇಳಿದೆ.

ಶನಿವಾರ ಎಷ್ಟು ಗಂಟೆಗೆ ಶುರು? ಹಗ್ಗ ನಾನೇ ಎಳೆದು ನೋಡಿಕೊಳ್ಳುತ್ತೇನೆ.

ನಿನ್ನ ಮಗಳು


ಸೆಪ್ಟೆಂಬರ್ 18

ಮಗಳೇ,

ಹತ್ತಕ್ಕೆ. ನೀನು ಒಂಬತ್ತಕ್ಕೇ ಬಂದರೆ ಶೆಡ್ಡು ಖಾಲಿ ಇರುತ್ತದೆ, ಒಂದು ಲೋಟ ಚಹಾ ಕುಡಿಯಬಹುದು. ಇದು ಹೇಳುತ್ತಿರುವುದಲ್ಲ, ಕೇಳುತ್ತಿರುವುದು.

ಮೇಡಂಗೆ ನೀನು ಬರುವುದಿಲ್ಲ ಎಂದು ಹೇಳಲು ಹೋಗಿದ್ದೆ. ಅವರು ಪುಸ್ತಕ ತೆಗೆದು ನೋಡಿ, "ಇಂಕಿನಲ್ಲಿ ಬರೆದಿದ್ದೀನಮ್ಮ, ಅಳಿಸೋಕಾಗಲ್ಲ. ಕಾಯೋಣ" ಎಂದಿದ್ದರು. ಅವರು ಸಣ್ಣ ವಯಸ್ಸಿನವರಾದರೂ ಗಟ್ಟಿ.

ನಿನ್ನ ಕಾಗದವನ್ನು ನಾನು ಮೇಸ್ತ್ರಿಗೆ ಓದಿ ಹೇಳಿದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡು, "ನನಗೂ ಅವತ್ತೇ ಅನುಮಾನ ಇತ್ತು ಅಮ್ಮಾವ್ರೇ" ಎಂದ. ಈ ಶೆಡ್ಡಿನಲ್ಲಿ ಬಾಯಿ ಮುಚ್ಚಿಕೊಂಡವರು ಎಷ್ಟು ಜನರೋ! ಕುಂಚವನ್ನು ಯಾಕಮ್ಮನಿಂದ ಒಂದು ದಿನದ ಸಾಲಕ್ಕೆ ಕೇಳಿದೆ. ಯಾಕೆ, ಎಷ್ಟು ಹೊತ್ತು, ಏನು ಬರೆಯುತ್ತೀರ ಎಂದು ವಿಚಾರಣೆ ಮಾಡಿಯೇ ಕೊಟ್ಟಳು. ಡಬ್ಬಿಯಲ್ಲಿ ಉಳಿದಿದ್ದ ಕೆಂಪು ಬಣ್ಣವೆಲ್ಲ ಮುಗಿಯುವ ತನಕ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದೆ: ಬೀಳಿಸಿದವರು ಕೂಗಬೇಕು. ಗೊತ್ತಿದ್ದವರೂ ಕೂಗಬೇಕು. ಕೊನೆಯ ಅಕ್ಷರಕ್ಕೆ ಬಣ್ಣ ಸಾಲದೆ ಸ್ವಲ್ಪ ಮಾಸಲಾಗಿದೆ. ಹೊಸ ಡಬ್ಬಿ ತರಿಸಿಲ್ಲ.

ಪಿನ್ನು ತಾ. ಗೆರೆ ಹಾಗೇ ಇರಲಿ, ಕೆರೆಯಬೇಡ, ಮಕ್ಕಳು ನೋಡಬೇಕು. ಯಾಕಮ್ಮ ಅಳೆಯುತ್ತಾಳಂತೆ, ಅಳೆದು ತನ್ನ ಪುಸ್ತಕದಲ್ಲಿ ಹತ್ತೊಂಬತ್ತರ ಕೆಳಗೆ ಬರೆಯುತ್ತಾಳಂತೆ. ಅವಳು ಮೊದಲು ಸೊನ್ನೆ ನೋಡುತ್ತಾಳೆ, ಹೆದರಬೇಡ. ನಿಮ್ಮಪ್ಪನ ಮೈಕ್ರೋಮೀಟರನ್ನು ಸರಿಮಾಡಿಸಲು ಕೊಡಲಿಲ್ಲ. ಸರಿಮಾಡುವುದು ನಿನಗೆ ಬರುತ್ತದೆ. ಪೆಟ್ಟಿಗೆಯ ಬಟ್ಟೆ ಇನ್ನೂ ಹೊಸದೇ ಇದೆ.

ಮುಖವಿಲ್ಲದ ಚಿತ್ರವನ್ನು ಅವಳು ನಿನಗಾಗಿಯೇ ತೆಗೆದಿಟ್ಟುಕೊಂಡಿದ್ದಾಳೆ, ಪೆನ್ಸಿಲನ್ನೂ ಚೂಪು ಮಾಡಿದ್ದಾಳೆ. ಬಸ್ಸಿಳಿದು ತಲೆ ಬಾಚಿಕೊಂಡು ಬಾ. ಅವಳು ಕಂಡದ್ದನ್ನು ಕಂಡ ಹಾಗೇ ಬರೆಯುತ್ತಾಳೆ.

ಅಮ್ಮ